ಭೂತಕಾಲದ ಪಾಠಕ್ಕೆ ಕನ್ನಡದ ಆಸರೆ ಇರಲಿ

ಮಾನ್ಯ ಸಂಪಾದಕರೇ,

ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ 'ಐ ಡಿಡ್ ನಾಟ್ ವೆಂಟ್' ಎಂಬ ವಾಕ್ಯಕ್ಕೆ ಕೆಂಪು ಗೆರೆ ಬಿದ್ದಿತ್ತು. ಕೆಳಗೆ 'ಡಿಡ್ ನಾಟ್ ಗೋ' ಎಂದು ಐದು ಸಲ ಬರೆಸಲಾಗಿತ್ತು. ಹಾಗೆ ಬರೆದವಳು ಮರುದಿನವೇ 'ಡಿಡ್ ನಾಟ್ ಕೇಮ್' ಎಂದು ಬರೆದಿದ್ದಳು. ತಪ್ಪು ಏಕೆ ತಪ್ಪು ಎಂಬುದನ್ನು ಯಾರೂ ಅವಳಿಗೆ ತಿಳಿಸಿರಲಿಲ್ಲ.

ಉತ್ತರ ಅವಳ ನಾಲಿಗೆಯ ಮೇಲೇ ಇತ್ತು. 'ಹೋದೆ' ಎಂಬುದನ್ನು ಅಲ್ಲಗಳೆಯಬೇಕಾದಾಗ ನಾವು 'ಹೋಗಲಿಲ್ಲ' ಎನ್ನುತ್ತೇವೆಯೇ ಹೊರತು 'ಹೋದಲಿಲ್ಲ' ಎನ್ನುವುದಿಲ್ಲ. ಬಂದೆ, ಬರಲಿಲ್ಲ, ತಿಂದೆ, ತಿನ್ನಲಿಲ್ಲ. ನಿಷೇಧ ಸೇರಿದೊಡನೆ ಕ್ರಿಯಾಪದ ತನ್ನ ಭೂತರೂಪವನ್ನು ಕಳಚಿಡುತ್ತದೆ. ಇಂಗ್ಲಿಷಿನಲ್ಲೂ ಕಾಲವನ್ನು ಸೂಚಿಸುವ ಕೆಲಸವನ್ನು 'ಡಿಡ್' ವಹಿಸಿಕೊಳ್ಳುವುದರಿಂದ 'ವೆಂಟ್' ಮತ್ತೆ 'ಗೋ' ಆಗುತ್ತದೆ. ಇಷ್ಟು ಹೇಳಿದ ಮೇಲೆ ಮಗಳು ತಾನಾಗಿಯೇ ಹತ್ತು ವಾಕ್ಯ ಬರೆದಳು, ಒಂದೂ ತಪ್ಪಿರಲಿಲ್ಲ.

ಕನ್ನಡ ಎಲ್ಲೆಡೆಯೂ ಹೀಗೆ ಕೈಹಿಡಿಯುವುದಿಲ್ಲ ಎಂಬುದೂ ನಿಜ. 'ಹೋದೆಯಾ?' ಎಂಬ ಪ್ರಶ್ನೆಯಲ್ಲಿ ನಮ್ಮ ಭೂತರೂಪ ಹಾಗೆಯೇ ಉಳಿಯುವುದರಿಂದ ಮಕ್ಕಳು 'ಡಿಡ್ ಯು ವೆಂಟ್' ಎನ್ನುತ್ತಾರೆ. 'ನಿನ್ನೆ ನಿಮ್ಮ ಮನೆಗೆ ಬಂದಿದ್ದೆ' ಎಂಬ ಸಹಜ ಕನ್ನಡ, ದೊಡ್ಡವರ ಬಾಯಲ್ಲೂ 'ಐ ಹ್ಯಾಡ್ ಕಮ್' ಆಗಿಬಿಡುತ್ತದೆ; ಆದರೆ ಆ 'ಹ್ಯಾಡ್' ಸಾಮಾನ್ಯವಾಗಿ ಹಿಂದೆ ನಡೆದ ಇನ್ನೊಂದು ಘಟನೆಗಿಂತಲೂ ಮೊದಲು ನಡೆದುದಕ್ಕೆ ಸಲ್ಲುವಂಥದ್ದು, ಇಲ್ಲಿ 'ಕೇಮ್' ಸಾಕು. ಎರಡು ಭಾಷೆಗಳು ಬೇರೆಯಾಗುವ ಇಂಥ ಜಾಗವನ್ನು ಬೆರಳಿಟ್ಟು ತೋರಿಸದಿದ್ದರೆ ಮಗುವಿಗೆ ಅದು ಹೊಳೆಯುವುದಾದರೂ ಹೇಗೆ?

ತರಗತಿಗಳಲ್ಲಿ ಇಂದಿಗೂ 'ಗೋ, ವೆಂಟ್, ಗಾನ್' ಎಂಬ ಪಟ್ಟಿಯ ಬಾಯಿಪಾಠವೇ ನಡೆದಿದೆ. ಪಟ್ಟಿ ಬೇಡವೆನ್ನುವುದಿಲ್ಲ, ನಿಯಮಕ್ಕೆ ಸಿಗದ ರೂಪಗಳನ್ನು ನೆನಪಿಡಲೇಬೇಕು. 'ವೆಂಟ್' ಮೂಲದಲ್ಲಿ 'ವೆಂಡ್' ಎಂಬ ಬೇರೊಂದೇ ಕ್ರಿಯಾಪದದ ಭೂತರೂಪ ಎಂದು ಹೇಳಿದರೆ ಮಕ್ಕಳು ಕುತೂಹಲದಿಂದ ಕೇಳುತ್ತಾರೆ. ನಗು ನಕ್ಕ ಆಗುವುದನ್ನೂ ಸಾಯು ಸತ್ತ ಆಗುವುದನ್ನೂ ಯಾವ ಪಟ್ಟಿಯೂ ಇಲ್ಲದೆ ಕಲಿತ ಮಕ್ಕಳು ಇವರು.

ಇಂಗ್ಲಿಷ್ ಪಾಠದಲ್ಲಿ ಕನ್ನಡ ಮಾತನಾಡಬಾರದೆಂಬ ಕಟ್ಟುಪಾಡನ್ನು ವ್ಯಾಕರಣದ ಮಟ್ಟಿಗಾದರೂ ಸಡಿಲಿಸಬೇಕು. ಪಠ್ಯಪುಸ್ತಕ ಸಿದ್ಧಪಡಿಸುವವರು ಭೂತಕಾಲದ ಪಾಠದಲ್ಲಿ 'ಹೋಗಲಿಲ್ಲ' ಮತ್ತು 'ಡಿಡ್ ನಾಟ್ ಗೋ' ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಅರ್ಧ ಪುಟವನ್ನು ಮೀಸಲಿಡಬೇಕೆಂದು ವಿನಂತಿಸುತ್ತೇನೆ.

ಇಂತು,
ಒಬ್ಬ ಪೋಷಕಿ