ಖಾಲಿ ಪ್ಯಾಕೆಟ್ಟೇ ಪಾಠವಾಗಲಿ

ಮಾನ್ಯರೇ,

ಜಾಹೀರಾತನ್ನು ಪ್ರಶ್ನಿಸಲು ಮಕ್ಕಳಿಗೆ ಕಲಿಸಬೇಕೆಂದರೆ ಕೊಡಗಿನ ಶಾಲೆಗಳಿಗೆ ಕಾಫಿ ಪುಡಿಯ ಖಾಲಿ ಪ್ಯಾಕೆಟ್ ಸಾಕು. ಕಣ್ಣಿಗೆ ಮೊದಲು ಬೀಳುವುದು ಮಂಜು, ಬೆಟ್ಟ, ಕೆಂಪು ಹಣ್ಣಿನ ಗೊಂಚಲು. ಕಾಫಿ ಎಷ್ಟು, ಅದಕ್ಕೆ ಬೆರೆಸುವ ಚಿಕೋರಿ (ಒಂದು ಗಿಡದ ಹುರಿದ ಬೇರಿನ ಪುಡಿ) ಎಷ್ಟು ಎಂಬ ಶೇಕಡಾವಾರನ್ನು ಹುಡುಕಿಸಿ. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದೆಂಬುದು ನಿಯಮ. ಅಂದರೆ ಶೇ 49ರವರೆಗೂ ಚಿಕೋರಿ ಇರಬಹುದು. ತೋಟದ ನಡುವೆ ಬೆಳೆದ ಮಗುವಿಗೆ ಇದು ಥಟ್ಟನೆ ನಾಟುತ್ತದೆ.

ಆಮೇಲೆ ಬಿಸ್ಕೆಟ್, ಮಾಲ್ಟ್ ಪುಡಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮೊದಲ ಮೂರನ್ನು ಜೋರಾಗಿ ಓದಿಸಿ. 100 ಗ್ರಾಂನಲ್ಲಿ ಸಕ್ಕರೆ 32 ಗ್ರಾಂ ಎಂದಿದ್ದರೆ, ಟೀ ಚಮಚಕ್ಕೆ ಸುಮಾರು 4 ಗ್ರಾಂ ಲೆಕ್ಕದಲ್ಲಿ ಎಂಟು ಚಮಚ ಸಕ್ಕರೆಯನ್ನು ತಟ್ಟೆಗೆ ಸುರಿದು ತೋರಿಸಿ. ಮಕ್ಕಳು ಎಡವುವುದು ಇಲ್ಲೇ: ಒಂದು ಸಲ ಬಳಸುವ ಪ್ರಮಾಣದ ಅಂಕಿಯನ್ನು 100 ಗ್ರಾಂನದ್ದೆಂದು ಓದಿಬಿಡುತ್ತಾರೆ. ಎರಡು ಪ್ಯಾಕೆಟ್ ಹೋಲಿಸುವಾಗ 100 ಗ್ರಾಂನ ಅಂಕಿಯನ್ನೇ ನೋಡಬೇಕು.

‘ಜಾಹೀರಾತೆಲ್ಲ ಸುಳ್ಳು’ ಎಂದಷ್ಟೇ ದಯವಿಟ್ಟು ಹೇಳಿಕೊಡಬೇಡಿ. ಹಾಗೆ ಕಲಿತ ಮಗು ಪರೀಕ್ಷಿಸುವ ಗೋಜಿಗೇ ಹೋಗುವುದಿಲ್ಲ. ಹಣ ಕೊಟ್ಟವರು ಯಾರು, ಹೇಳದೆ ಬಿಟ್ಟಿದ್ದೇನು ಎಂದು ಅದು ಕೇಳಲಿ. ಮೊಬೈಲ್ ವಿಡಿಯೊಗೂ ಇದೇ ಪ್ರಶ್ನೆ. ಹಣ ಪಡೆದು ಹೊಗಳುವವರು ಅದನ್ನು ತಿಳಿಸಲೇಬೇಕೆಂದು ಕೇಂದ್ರದ 2022ರ ಮಾರ್ಗಸೂಚಿ ಹೇಳುತ್ತದೆ.

– ಶಿಕ್ಷಕರು, ಸೋಮವಾರಪೇಟೆ