ಮಚ್ಚು ಬಿಡು, ಒಲೆ ತಗೋ

ಉಪ್ಸಾಲಾ, ಸ್ವೀಡನ್

ಪ್ರೀತಿಯ ಮಂಜು,

ನಾನಿಲ್ಲಿ ಕ್ಷೇಮ. ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಬೈಕಿನಲ್ಲಿ ಒಬ್ಬನೇ ಹೋಗಿ ಟೆಂಟ್ ಹಾಕಿ, ಅಡುಗೆ ಮಾಡಿ ಉಣ್ಣಬೇಕು ಅಂತ ನೀನು ಕಳಿಸಿದ ಪಟ್ಟಿ ನೋಡಿದೆ. ಟೆಂಟು, ಹೆಡ್‌ಲ್ಯಾಂಪು, ಹಗ್ಗ, ಸೌದೆ ಕಡಿಯೋಕೆ ಮಚ್ಚು, ಎಲ್ಲಾ ಇದೆ. ಒಲೆ ಮಾತ್ರ ಇಲ್ಲ. ಮಚ್ಚನ್ನು ಮನೆಯಲ್ಲೇ ಬಿಟ್ಟು ಒಲೆ ತಗೊಂಡು ಹೋಗು. ಈ ಕಾಗದ ಮುಖ್ಯವಾಗಿ ಅದಕ್ಕೇ ಬರೀತಿರೋದು.

ಇಲ್ಲಿಯ ವಿಡಿಯೊ ನೋಡಿ ಅಲ್ಲೂ ಹಾಗೇ ಮಾಡಬಹುದು ಅಂದುಕೋಬೇಡ. ಸ್ವೀಡನ್‌ನಲ್ಲಿ ಮನೆಗಳಿಂದ ದೂರ ಇರೋ ಕಾಡಿನಲ್ಲಿ ಒಂದೆರಡು ರಾತ್ರಿ ಟೆಂಟ್ ಹಾಕೋ ಹಕ್ಕು ಎಲ್ಲರಿಗೂ ಉಂಟು, ಅಲೆಮಾನ್ಸ್‌ರೆಟ್ಟೆನ್ ಅಂತಾರೆ. ಆದರೂ ಬೈಕನ್ನು ರಸ್ತೆಯಿಂದ ಕಾಡಿನ ನೆಲಕ್ಕೆ ಇಳಿಸೋ ಹಾಗಿಲ್ಲ, ಬೇಸಿಗೆ ಒಣಗಿದರೆ ಬೆಂಕಿ ಹಚ್ಚೋದಕ್ಕೂ ನಿಷೇಧ. ನಮ್ಮ ಕಡೆ ಬಂಡೀಪುರ, ನಾಗರಹೊಳೆ, ಕಾವೇರಿ ವನ್ಯಧಾಮ ಯಾವುದರಲ್ಲೂ ಅನುಮತಿಯಿಲ್ಲದೆ ಒಳಗೆ ಹೋಗೋದೇ ತಪ್ಪು, ಬೆಂಕಿಯಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮೇಲುಕೋಟೆಯ ಸುತ್ತಲ ಕುರುಚಲು ಗುಡ್ಡಗಳಲ್ಲೂ ವನ್ಯಧಾಮದ ಜಾಗ ಇದೆ, ತುಂಬಾ ಜನಕ್ಕೆ ಅದು ಗೊತ್ತಿಲ್ಲ. ಹಾಗಾಗಿ ಮೊದಲ ಸಲ ಪಾಂಡವಪುರದ ಚಿಕ್ಕಪ್ಪನ ತೆಂಗಿನ ತೋಟಕ್ಕೇ ಹೋಗು. ಕಾಯಿ ಬೀಳೋ ಮರದ ಕೆಳಗೆ ಟೆಂಟ್ ಬೇಡ.

ಬೆಂಕಿ ಬೇಡ ಅನ್ನೋದಕ್ಕೆ ಕಾನೂನು ಒಂದೇ ಕಾರಣ ಅಲ್ಲ. ಇಲ್ಲಿ ಪಾಚಿಯ ಕೆಳಗೆ ಅರೆಕೊಳೆತ ಎಲೆ, ಬೇರಿನ ಪದರ ಇರುತ್ತೆ. ಮೇಲಿನ ಕೆಂಡ ಆರಿದರೂ ಬೆಂಕಿ ಅದರೊಳಗೆ ಹೊಗೆಯಾಡುತ್ತಾ ಹೋಗಿ, ಎಷ್ಟೋ ಹೊತ್ತಿನ ಮೇಲೆ ಬೇರೆ ಕಡೆ ಏಳುತ್ತೆ. 2018ರ ಬೇಸಿಗೆಯಲ್ಲಿ ಈ ದೇಶದ ಕಾಡು ಹೇಗೆ ಉರಿಯಿತು ಅಂತ ಇಲ್ಲಿಯವರು ಇನ್ನೂ ಮಾತಾಡ್ತಾರೆ. ನಮ್ಮಲ್ಲಿ ಒಣ ಲಂಟಾನ, ಹುಲ್ಲು, ಬಿದಿರು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಏನಾಯಿತು ಅಂತ ನಿನಗೆ ನೆನಪಿರಬೇಕು. ಬಿದಿರನ್ನಂತೂ ಬೆಂಕಿಗೆ ಹಾಕಲೇಬೇಡ, ಗೆಣ್ಣುಗಳ ನಡುವಿನ ಗಾಳಿ ಬಿಸಿಯಾಗಿ ಸಿಡಿದು ಕೆಂಡ ಹಾರುತ್ತೆ. ಇನ್ನೊಂದು ಬೆಂಕಿ ನಿನ್ನ ಬೈಕಿನಲ್ಲೇ ಇದೆ: ಕಾದ ಸೈಲೆನ್ಸರ್. ಒಣ ಹುಲ್ಲಿನ ಮೇಲೆ, ಕಬ್ಬಿನ ತರಗಿನ ಮೇಲೆ ಗಾಡಿ ನಿಲ್ಲಿಸಬೇಡ. ನೈಲಾನ್ ಚೀಲ ಅದಕ್ಕೆ ತಾಗಿದರೆ ಕರಗಿ ಅಂಟಿಕೊಳ್ಳುತ್ತೆ.

ಈಗ ಒಲೆ. ನಿನಗೆ ಪುಟ್ಟ ಗ್ಯಾಸ್ ಒಲೆ ಸಾಕು. ಬರೀ ಬ್ಯುಟೇನ್ ತುಂಬಿದ ಡಬ್ಬಿ ಇಲ್ಲಿಯ ಚಳಿಗೆ ಕೈಕೊಡುತ್ತೆ, ಸೊನ್ನೆ ಡಿಗ್ರಿ ಹತ್ತಿರ ಅದು ಆವಿಯಾಗೋದೇ ಇಲ್ಲ. ಮಂಡ್ಯದಲ್ಲಿ ಆ ತೊಂದರೆ ಇಲ್ಲ. ಡಬ್ಬಿಗಳಲ್ಲಿ ತಿರುಪಿನ ಬಾಯಿಯದ್ದು ಬೇರೆ, ಸ್ಪ್ರೇ ಡಬ್ಬಿಯಂಥ ಉದ್ದದ್ದು ಬೇರೆ. ಒಂದರ ಒಲೆ ಇನ್ನೊಂದಕ್ಕೆ ಕೂರಲ್ಲ, ಮನೆಯಲ್ಲೇ ಕೂರಿಸಿ ನೋಡು. ಒಳಗಿನ ರಬ್ಬರ್ ಉಂಗುರ ಬಿರುಕು ಬಿಟ್ಟಿದೆಯಾ ಅಂತ ನೋಡಿ, ಸೋಪಿನ ನೀರು ಹಚ್ಚು. ಗುಳ್ಳೆ ಬಂದರೆ ಅದನ್ನು ಒಯ್ಯಬೇಡ. ಒಂದು ಲೀಟರ್ ನೀರು ಕುದಿಯೋಕೆ ಗಾಳಿಯಿಲ್ಲದಾಗ ಸುಮಾರು 15 ಗ್ರಾಂ ಗ್ಯಾಸ್ ಬೇಕು, ಗಾಳಿ ಬೀಸಿದರೆ ಅದು ಸುಲಭವಾಗಿ ದುಪ್ಪಟ್ಟಾಗುತ್ತೆ. 230 ಗ್ರಾಂ ಡಬ್ಬಿ ಒಂದು ರಾತ್ರಿಗೆ ಧಾರಾಳ. ಗಾಳಿಗೆ ತಗಡನ್ನು ಒಂದೇ ಕಡೆ ಮರೆಮಾಡು. ಒಲೆ ಡಬ್ಬಿಯ ತಲೆ ಮೇಲೇ ಕೂರೋ ಥರದ್ದಾದರೆ ಸುತ್ತಲೂ ಮುಚ್ಚಬೇಡ, ಡಬ್ಬಿ ಕಾದರೆ ಸಿಡಿಯುತ್ತೆ. ಮಳೆ ಬಂತು ಅಂತ ಟೆಂಟಿನೊಳಗೆ ಹಚ್ಚಲೇಬೇಡ. ಬಟ್ಟೆಗೆ ಬೆಂಕಿ ಹತ್ತೋದು ಒಂದು ಕಡೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಕಡೆ.

ಊಟಕ್ಕೆ ನೂಡಲ್ಸ್ ಯಾಕೋ? ಮುದ್ದೆನೇ ಮಾಡು. ನಮ್ಮ ಊಟ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ: ಹಿಟ್ಟು ಕೆಡಲ್ಲ, ಜಾಗ ಹಿಡಿಯಲ್ಲ, ಹೊಟ್ಟೆ ತುಂಬುತ್ತೆ. ಹೊರಡುವಾಗ ಅಗಲ ಬಾಯಿಯ ಬಾಟಲಿಯಲ್ಲಿ ಎರಡು ಹಿಡಿ ಹೆಸರುಬೇಳೆ ನೆನೆಹಾಕು. ಅರ್ಧ ದಾರಿಗೆ ನೆಂದಿರುತ್ತೆ, ಕಾಲು ಗಂಟೆಯಲ್ಲಿ ಬೇಯುತ್ತೆ. ಅದಕ್ಕೆ ಅಮ್ಮನ ಸಾರಿನ ಪುಡಿ, ಹುಣಸೆಹುಳಿ, ಉಪ್ಪು. ಸಾರನ್ನು ಮೊದಲು ಇಳಿಸಿ ಬಟ್ಟೆ ಸುತ್ತಿಡು.

ಆಮೇಲೆ ಮುದ್ದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟಕ್ಕೆ ಸ್ವಲ್ಪ ಕಮ್ಮಿ ನೀರು, ಮುಚ್ಚಳ ಬಿಗಿಯಾಗಿದ್ದರೆ ನೀರು ಆರೋದು ಕಮ್ಮಿ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿ ಕುದಿಸು. ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿ, ಕಲಕಬೇಡ. ಕೋಲಿನಿಂದ ಒಂದು ತೂತು ಮಾಡಿ, ಉರಿ ಪೂರ್ತಿ ಸಣ್ಣ ಮಾಡಿ ನಾಲ್ಕೈದು ನಿಮಿಷ ಬೇಯಿಸು. ಈ ಒಲೆಗಳ ಉರಿ ನಡುವೆಯೇ ಮೊನಚಾಗಿರುತ್ತೆ, ಪಾತ್ರೆ ತೆಳು ಅಲ್ಯೂಮಿನಿಯಂ, ತಳ ಹತ್ತೋದು ಅದಕ್ಕೇ. ನಿಮಿಷಕ್ಕೊಮ್ಮೆ ಪಾತ್ರೆಯನ್ನು ಎತ್ತಿ ಕಾಲು ಸುತ್ತು ತಿರುಗಿಸು. ತಿರುವೋದನ್ನು ಮಾತ್ರ ಒಲೆ ಮೇಲೆ ಮಾಡಲೇಬೇಡ. ಅದು ಎತ್ತರ, ಬುಡ ಸಣ್ಣ, ಒಂದು ಸಲ ಜೋರಾಗಿ ತಿರುವಿದರೆ ಕುದಿಯೋ ಹಿಟ್ಟು ಕಾಲ ಮೇಲೆ. ಪಾತ್ರೆಯನ್ನು ನೆಲದ ಮೇಲಿನ ಒದ್ದೆ ಗೋಣಿಗೆ ಇಳಿಸಿ, ಅಜ್ಜಿ ಕವೆಗೋಲು ಒತ್ತಿ ಹಿಡೀತಿದ್ದ ಹಾಗೆ ಒಂದು ಕವೆ ಕೊಟ್ಟು, ಗಂಟಿಲ್ಲದಂತೆ ತಿರುವು. ಮತ್ತೆ ಎರಡು ನಿಮಿಷ ಸಣ್ಣ ಉರಿಯಲ್ಲಿಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟು. ತಟ್ಟೆಗೆ ಎಣ್ಣೆ ಬೇಕಿಲ್ಲ, ನೀರು ಚಿಮುಕಿಸಿದರೆ ಸಾಕು. ಪಾತ್ರೆಗೆ ಕೂಡಲೇ ನೀರು ಹಾಕಿಡು, ಒಣಗಿದ ಹಿಟ್ಟು ಉಜ್ಜೋಕೆ ಎರಡರಷ್ಟು ನೀರು ಬೇಕು. ಕುಡಿಯೋಕೆ, ಅಡುಗೆಗೆ, ತೊಳೆಯೋಕೆ ಸೇರಿ ಐದು ಲೀಟರ್ ಒಯ್ಯಿ.

ಆ ಐದು ಕೆಜಿಯನ್ನು ಹಿಂದಿನ ಕ್ಯಾರಿಯರ್ ತುದಿಗೆ ಕಟ್ಟಬೇಡ. ಮುಂಚಕ್ರ ಹಗುರಾಗಿ ಮಣ್ಣಿನಲ್ಲಿ ಹ್ಯಾಂಡಲ್ ಅಲ್ಲಾಡುತ್ತೆ. ಭಾರದ್ದು ಸೀಟಿಗೆ ಹತ್ತಿರ, ಕೆಳಗೆ. ಟೆಂಟು, ಹಾಸಿಗೆ ಹಿಂದೆ. ಹತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಹಗ್ಗ ಇನ್ನೊಮ್ಮೆ ಬಿಗಿ. ರಾತ್ರಿ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲು ಇಡು, ಮಳೆಗೆ ನೆಲ ಮೆತ್ತಗಾದರೆ ಗಾಡಿ ಮಗುಚುತ್ತೆ, ಟೆಂಟಿನ ಕಡೆಗೆ ವಾಲದ ಹಾಗೆ ನಿಲ್ಲಿಸು.

ಉಂಡ ಪಾತ್ರೆ, ಮಿಕ್ಕ ಸಾರು ಟೆಂಟಿನ ಪಕ್ಕ ಬೇಡ. ವಾಸನೆಗೆ ನಾಯಿ ಬರುತ್ತೆ, ಕಬ್ಬಿನ ಗದ್ದೆಗಳಲ್ಲಿ ಚಿರತೆ ಇದ್ದೇ ಇದೆ. ಕತ್ತಲಾದ ಮೇಲೆ ಗದ್ದೆ ಬದುವಿಗೆ ಹೋಗಬೇಡ. ಬೆಳಿಗ್ಗೆ ಮಂಡಿ ಹಿಂದೆ, ಸೊಂಟದ ಸುತ್ತ ಉಣ್ಣೆ ಕಚ್ಚಿದೆಯಾ ನೋಡಿಕೋ. ಕಚ್ಚಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳಿ, ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ.

ಎಲ್ಲಿ ಇಳೀತೀಯ, ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡ್ತೀಯ ಅಂತ ಅಪ್ಪನ ಹತ್ತಿರ ಬರೆದು ಕೊಟ್ಟು ಹೋಗು. ಆ ಹೊತ್ತಿನಿಂದ ಎರಡು ಗಂಟೆ ಕಳೆದರೂ ಫೋನ್ ಬರದಿದ್ದರೆ ಚಿಕ್ಕಪ್ಪ ತೋಟಕ್ಕೆ ಹೋಗಿ ನೋಡಲಿ. ಒಲೆ ಕೊಂಡ ಮೇಲೆ ಅದರ ಫೋಟೊ ಕಳಿಸು, ಯಾವ ಡಬ್ಬಿ ಕೂರುತ್ತೆ ಅಂತ ಹೇಳ್ತೀನಿ.

ಇಂತಿ,
ನಿನ್ನ ಅಕ್ಕ