ಬಿಡದಿ ಕಡೆ ಮನೆ ಹುಡುಕುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಹತ್ತಿರ ಬಿಡದಿಯ ವಂಡರ್‌ಲಾ ಪಾರ್ಕಿನಲ್ಲಿ ಕೆಲಸ ಸಿಕ್ಕಿ ಮಡಿಕೇರಿ, ಸೋಮವಾರಪೇಟೆಯಿಂದ ಹೊರಟಿರುವ ನಮ್ಮ ಮಕ್ಕಳು ಮನೆ ಎಲ್ಲಿ ಮಾಡೋದು ಅಂತ ಕೇಳುತ್ತಿದ್ದಾರೆ.

ಗೇಟಿಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಅಡ್ವಾನ್ಸ್ ಕೊಡಬೇಡಿ. ರಜೆ ಬಂದರೆ ಆ ದಾರಿಯಲ್ಲಿ ಗಾಡಿಗಳು ಜಾಸ್ತಿ. ಡಿಸೆಂಬರ್ ಕೊನೆಯಲ್ಲಿ ನಮ್ಮ ಮಡಿಕೇರಿಯ ರಾಜಾಸೀಟ್ ರಸ್ತೆ ನೋಡಿದ್ದೀರಲ್ವಾ? ಮನೆ ನೋಡಲು ಭಾನುವಾರವೇ ಹೋಗಿ, ಆಗ ನಿಜ ಗೊತ್ತಾಗುತ್ತದೆ.

ನನ್ನ ಕೇಳಿದರೆ ಬಿಡದಿ ಊರೊಳಗೆ, ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಹುಡುಕಿ. ಅಂಗಡಿ, ಶಾಲೆ ಹತ್ತಿರ ಇರುತ್ತವೆ. ಊರಿಗೆ ಬರಲು ಮೈಸೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಬೈಪಾಸ್ ಹಿಡಿಯುವ ಬಸ್ಸುಗಳು ಬಿಡದಿ ಒಳಗೆ ಬರುವುದಿಲ್ಲ, ಹತ್ತುವ ಮೊದಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಬೈಕಿನವರೇ, 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ನಿಮ್ಮನ್ನು ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಗಂಡ ಹೆಂಡತಿಯಲ್ಲಿ ಒಬ್ಬರ ಕೆಲಸ ಬೆಂಗಳೂರಿನ ಒಳಗಿದ್ದರೆ ಕೆಂಗೇರಿಯೇ ಸರಿ, ಮೆಟ್ರೋ ಇದೆ.

ಇನ್ನು ನೀರು. ನಮಗೆ ಕೊಡಗಿನವರಿಗೆ ಇದನ್ನು ಕೇಳುವ ಅಭ್ಯಾಸವೇ ಕಡಿಮೆ. ಬೋರ್‌ವೆಲ್ಲೋ ಟ್ಯಾಂಕರ್ರೋ, ಏಪ್ರಿಲ್‌ನಲ್ಲಿ ಹೇಗೆ, ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಅಂತ ಓನರ್ ಜೊತೆಗೆ ಪಕ್ಕದ ಮನೆಯವರನ್ನೂ ಕೇಳಿ.

ಒಬ್ಬರೇ ಹೋಗುತ್ತಿರುವ ಹೆಣ್ಣುಮಕ್ಕಳಿದ್ದರೆ ಇಲ್ಲಿ ಒಂದು ಮಾತು ಹಾಕಿ. ಮನೆ ನೋಡಲು ಜೊತೆಗೆ ಬರುತ್ತೇನೆ.